ಕಾಲಿನಲ್ಲಿ ನೀರು ಹೆಚ್ಚು, ರಕ್ತದಲ್ಲಿ ನೀರು ಕಡಿಮೆ: ಬೊಜ್ಜಿರುವ ಹಿರಿಯರೊಬ್ಬರ ಸ್ನಾಯುವಿನ ಪ್ರಕರಣ

ಇಲ್ಲಿ ಬರುವ ಮಹಿಳೆ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ಬೊಜ್ಜಿರುವ ಹಿರಿಯರಲ್ಲಿ ಮತ್ತೆ ಮತ್ತೆ ಒಟ್ಟಾಗಿ ಎದುರಾಗುವ ಸಂಗತಿಗಳನ್ನು ಕಲಿಕೆಗಾಗಿ ಒಂದೇ ಪ್ರಕರಣವಾಗಿ ಹೆಣೆಯಲಾಗಿದೆ. ಓದುಗರು ತಾವೇ ಲೆಕ್ಕ ಹಾಕಿ ನೋಡಲು ಅನುಕೂಲವಾಗುವಂತೆ ಅಂಕಿಗಳನ್ನು ಕೊಟ್ಟಿದೆ.

ಮೊದಲ ಭೇಟಿ

ವಯಸ್ಸು 71, ಎತ್ತರ 156 ಸೆಂ.ಮೀ., ತೂಕ 86.4 ಕೆ.ಜಿ., ಬಿಎಂಐ (ಕೆ.ಜಿ. ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ್ದು) 35.5, ಸೊಂಟದ ಸುತ್ತಳತೆ 109 ಸೆಂ.ಮೀ. ಕುರ್ಚಿಯಿಂದ ಏಳಲು ಕೈ ಊರಲೇಬೇಕು. ಮೆಟ್ಟಿಲು ಹತ್ತುವಾಗ ತೊಡೆ ಸೋಲುತ್ತದೆ. ಸಂಜೆಯ ಹೊತ್ತಿಗೆ ಎರಡೂ ಪಾದ ಊದಿ, ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ. ರಕ್ತದೊತ್ತಡಕ್ಕೆ ಆಮ್ಲೊಡಿಪಿನ್ ತೆಗೆದುಕೊಳ್ಳುತ್ತಿದ್ದರು. ಎಂಟು ತಿಂಗಳ ಹಿಂದೆ ಅದು 5ರಿಂದ 10 ಮಿ.ಗ್ರಾಂಗೆ ಏರಿತ್ತು. ಅದಾದ ಎರಡು ತಿಂಗಳಿಗೆ ಕಾಲು ಊತಕ್ಕೆಂದು ಮೂತ್ರದ ಮಾತ್ರೆಯಾದ ಫ್ಯೂರೋಸೆಮೈಡ್ 40 ಮಿ.ಗ್ರಾಂ ಸೇರಿತ್ತು. ಜೊತೆಗೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ 500 ಮಿ.ಗ್ರಾಂ ಎರಡು ಹೊತ್ತು.

ಮೂತ್ರದ ಅವಸರ ತಾಳಲಾರದೆ ಅವರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಕಾಲಿನಲ್ಲಿ ನೀರು ತುಂಬಿರುವಾಗ ಮತ್ತೆ ನೀರು ಕುಡಿಯಬಾರದು ಎಂಬ ನಂಬಿಕೆಯೂ ಅದಕ್ಕೆ ಕೂಡಿತ್ತು. ಮೂರು ದಿನ ಬರೆದಿಟ್ಟು ನೋಡಿದಾಗ ದಿನಕ್ಕೆ ಕುಡಿಯುತ್ತಿದ್ದದ್ದು, ನೀರು ಹಾಲು ಎಲ್ಲ ಸೇರಿ, ಸುಮಾರು 900 ಮಿ.ಲೀ. ಪ್ರೋಟೀನ್ ಸುಮಾರು 48 ಗ್ರಾಂ.

ಅವರ ಕೈಯಲ್ಲಿ ಒಂದು ಬಿಐಎ (ಸಣ್ಣ ವಿದ್ಯುತ್ತು ಹರಿಸಿ ಮೈಯ ನೀರು, ಸ್ನಾಯು, ಕೊಬ್ಬು ಅಂದಾಜಿಸುವ ಪರೀಕ್ಷೆ) ವರದಿಯಿತ್ತು. ಕೈಕಾಲುಗಳ ಸ್ನಾಯು 17.6 ಕೆ.ಜಿ.; ಎತ್ತರದ ವರ್ಗದಿಂದ ಭಾಗಿಸಿದರೆ ಚದರ ಮೀಟರಿಗೆ 7.2. ಹಿರಿಯರ ಸಾರ್ಕೊಪೀನಿಯಾ (ಸ್ನಾಯು ಮತ್ತು ಬಲ ಕುಂದುವ ಸ್ಥಿತಿ) ಕುರಿತ ಯೂರೋಪಿನ 2019ರ ಮಾರ್ಗಸೂಚಿಯಲ್ಲಿ ಮಹಿಳೆಯರಿಗೆ ಕೆಳಮಿತಿ 5.5, ಏಷ್ಯಾದ ಅದೇ ವರ್ಷದ ಮಾರ್ಗಸೂಚಿಯಲ್ಲಿ 5.7. ಆ ಲೆಕ್ಕದಲ್ಲಿ ಸ್ನಾಯು ಬೇಕಾದಷ್ಟಿದೆ ಎಂದು ವರದಿ ಹೇಳಿತ್ತು. ಆದರೆ ಅವರ ಹಿಡಿತದ ಬಲ 15.5 ಕೆ.ಜಿ. (ಯೂರೋಪಿನ ಮಿತಿ 16, ಏಷ್ಯಾದ್ದು 18). ಕೈ ಊರದೆ ಐದು ಬಾರಿ ಎದ್ದು ಕೂರಲು 18.6 ಸೆಕೆಂಡು ಹಿಡಿಯಿತು. 15 ಸೆಕೆಂಡು ದಾಟಿದರೆ ಬಲ ಕಡಿಮೆ ಎಂದೇ ಲೆಕ್ಕ. ನಡಿಗೆಯ ವೇಗ ಸೆಕೆಂಡಿಗೆ 0.74 ಮೀ.

ಇಷ್ಟು ಸ್ನಾಯು ಇದ್ದೂ ಬಲ ಇಷ್ಟೇ ಏಕೆ? ಇಂಥ ಕಡೆ ಸಾಮಾನ್ಯವಾಗಿ ವಯಸ್ಸಾಯಿತು, ತೂಕ ಇಳಿಸಿ ಎಂದು ಕಳಿಸಿಬಿಡುತ್ತಾರೆ. ಅದು ಅನ್ಯಾಯ. ಉತ್ತರ ಅದೇ ವರದಿಯ ಇನ್ನೊಂದು ಸಾಲಿನಲ್ಲಿತ್ತು: ಕೋಶದ ಹೊರಗಿನ ನೀರು ಒಟ್ಟು ನೀರಿನ 0.412 ಭಾಗ. ಆರೋಗ್ಯವಂತರಲ್ಲಿ ಇದು 0.38ರ ಆಸುಪಾಸು. 0.39 ದಾಟಿದರೆ ಹೊರನೀರು ಹೆಚ್ಚಿದೆ ಎಂದು ಹೆಚ್ಚಿನ ಯಂತ್ರಗಳು ಎಚ್ಚರಿಸುತ್ತವೆ.

ಯಂತ್ರ ಅಳೆಯುವುದೇನು

ಬಿಐಎ ಸ್ನಾಯುವನ್ನು ತೂಗುವುದಿಲ್ಲ. ಸಣ್ಣ ವಿದ್ಯುತ್ತನ್ನು ಮೈಯೊಳಗೆ ಹರಿಸಿ, ಎಷ್ಟು ತಡೆ ಬಂತೆಂದು ನೋಡಿ, ನೀರು ಎಷ್ಟಿದೆಯೆಂದು ಅಂದಾಜು ಮಾಡುತ್ತದೆ. 5 ಕಿಲೋಹರ್ಟ್ಸ್‌ನಂಥ ಕಡಿಮೆ ಆವರ್ತನದ ವಿದ್ಯುತ್ತು ಕೋಶದ ಪೊರೆಯನ್ನು ದಾಟದೆ ಹೊರನೀರಿನಲ್ಲೇ ಸಾಗುತ್ತದೆ. ನೂರಾರು ಕಿಲೋಹರ್ಟ್ಸ್‌ಗೆ ಏರಿಸಿದರೆ ಪೊರೆ ದಾಟಿ ಒಳನೀರನ್ನೂ ಮುಟ್ಟುತ್ತದೆ. ಎರಡರ ವ್ಯತ್ಯಾಸವೇ ಕೋಶದೊಳಗಿನ ನೀರು. ಹೀಗೆ ಸಿಕ್ಕ ಒಟ್ಟು ನೀರನ್ನು 0.73ರಿಂದ ಭಾಗಿಸಿ ಕೊಬ್ಬಿಲ್ಲದ ದೇಹಭಾಗ ಇಷ್ಟು ಎನ್ನುತ್ತದೆ, ಉಳಿದದ್ದು ಕೊಬ್ಬು. ಕೊಬ್ಬಿಲ್ಲದ ಅಂಗಾಂಶದಲ್ಲಿ ಶೇ 73 ನೀರು ಎಂಬ ಊಹೆ ಆರೋಗ್ಯವಂತ ಮೈಗೆ ಹೊಂದುತ್ತದೆ. ಊತವಿದ್ದಾಗ ಹೊಂದುವುದಿಲ್ಲ. ಚರ್ಮದಡಿ ನಿಂತ ಪ್ರತಿ ಲೀಟರ್ ನೀರನ್ನೂ ಯಂತ್ರ 1.37 ಕೆ.ಜಿ. 'ಸ್ನಾಯುಭಾಗ'ವಾಗಿ ಲೆಕ್ಕಕ್ಕೆ ಹಿಡಿಯುತ್ತದೆ. ನೆನೆದ ಬಟ್ಟೆಯನ್ನು ತೂಗಿ ನೂಲಿನ ಲೆಕ್ಕ ಬರೆದಂತೆ.

ಬೊಜ್ಜಿನಲ್ಲಿ ಈ ತೊಡಕು ಎರಡು ಪಟ್ಟು. ಕೊಬ್ಬಿನ ಅಂಗಾಂಶದಲ್ಲಿ ನೀರು ಕಡಿಮೆ, ಇರುವ ನೀರಿನಲ್ಲಿ ಹೊರನೀರಿನ ಪಾಲು ಹೆಚ್ಚು. ಹಾಗಾಗಿ ಊತವಿಲ್ಲದಿದ್ದರೂ ಅನುಪಾತ ಮೇಲಕ್ಕೆ ಸರಿಯುತ್ತದೆ. ಬಿಎಂಐ 34 ದಾಟಿದವರಲ್ಲಿ ಬಿಐಎ ಸಮೀಕರಣಗಳನ್ನು ನೆಚ್ಚಬಾರದೆಂದು ಯೂರೋಪಿನ ಪೋಷಣಾ ಸಂಘ 2004ರಲ್ಲೇ ಹೇಳಿದೆ. ಇವರದು 35.5. ಆದ್ದರಿಂದ ಒಂದೇ ಸಲದ ಅಳತೆಯಿಂದ ತೀರ್ಮಾನಕ್ಕೆ ಬರದೆ, ಅದೇ ಯಂತ್ರದಲ್ಲಿ ಅದೇ ಕ್ರಮದಲ್ಲಿ ಅಳೆದಾಗ ಕಾಣುವ ಬದಲಾವಣೆಯನ್ನು ನೋಡಬೇಕು.

ಇನ್ನು 'ಕೋಶದ ನೀರಿನಾಂಶ' ಎಂಬ ಮಾತು. ಒಳನೀರು ಕಡಿಮೆ ಎಂದು ವರದಿ ತೋರಿಸಿದ ಕೂಡಲೇ ಹೆಚ್ಚು ನೀರು ಕುಡಿಯಿರಿ ಎನ್ನುವವರೇ ಹೆಚ್ಚು. ಸ್ನಾಯುವಿನ ನೀರಿನ ದೊಡ್ಡ ಪಾಲು ಎಳೆಗಳ, ಅಂದರೆ ಸ್ನಾಯುಕೋಶಗಳ, ಒಳಗಿರುತ್ತದೆ. ವಯಸ್ಸಾದಂತೆ ಎಳೆಗಳು, ಅದರಲ್ಲೂ ವೇಗವಾಗಿ ಕುಗ್ಗುವ ಎರಡನೇ ಬಗೆಯವು, ಸಣ್ಣಗಾಗುತ್ತವೆ, ಕಡಿಮೆಯಾಗುತ್ತವೆ. ಆ ಜಾಗಕ್ಕೆ ಕೊಬ್ಬು, ನಾರಂಗಾಂಶ, ಅವುಗಳ ನಡುವಿನ ಹೊರನೀರು ಬರುತ್ತವೆ. ತೊಡೆಯ ಗಾತ್ರ ಮೊದಲಿನಂತೆಯೇ ಕಂಡರೂ ಒಳಗೆ ಎಳೆತ ಕೊಡುವ ಪದಾರ್ಥ ತಗ್ಗಿರುತ್ತದೆ. ಸ್ನಾಯುವಿನ ಗುಣಮಟ್ಟ ಕುಸಿಯಿತು ಎಂದರೆ ಇದೇ. ಆದ್ದರಿಂದ ಒಳನೀರಿನ ಅಂಕಿ ಬಹುಪಾಲು ಕೋಶಗಳೆಷ್ಟು ಉಳಿದಿವೆ ಎಂಬುದರ ಲೆಕ್ಕ. ಎಷ್ಟು ಕುಡಿದರು ಎಂಬುದು ಅದರಲ್ಲಿ ಸಣ್ಣ ಪಾಲು.

ಸಣ್ಣದಾದರೂ ಅದನ್ನು ಬಿಡುವಂತಿಲ್ಲ. ಕೋಶ ಕುಗ್ಗಿದರೆ ಪ್ರೋಟೀನ್ ಒಡೆಯುವುದು ಹೆಚ್ಚುತ್ತದೆ, ಹಿಗ್ಗಿದರೆ ಕಟ್ಟುವುದು ಹೆಚ್ಚುತ್ತದೆ ಎಂಬ ವಾದವನ್ನು ಜರ್ಮನಿಯ ಡೀಟರ್ ಹಾಯಸಿಂಗರ್ ಮತ್ತು ಸಂಗಡಿಗರು 1993ರಲ್ಲಿ ಮುಂದಿಟ್ಟರು. ರಕ್ತ ಗಟ್ಟಿಯಾದರೆ ಕೋಶದಿಂದ ನೀರು ಹೊರಕ್ಕೆ ಸೆಳೆಯಲ್ಪಡುತ್ತದೆ. ಅದು ಆಗುತ್ತಿದೆಯೇ ಎಂದು ತಿಳಿಯಲು ರಕ್ತವನ್ನೇ ನೋಡಬೇಕು.

ರಕ್ತ ಹೇಳಿದ್ದು

ಸೋಡಿಯಂ 143, ಪೊಟ್ಯಾಸಿಯಂ 3.6, ಖಾಲಿ ಹೊಟ್ಟೆಯ ಸಕ್ಕರೆ 124 ಮಿ.ಗ್ರಾಂ, ಯೂರಿಯಾ 44 ಮಿ.ಗ್ರಾಂ. ಒಂದೊಂದನ್ನೇ ನೋಡಿದರೆ ಗಾಬರಿಪಡುವಂಥದ್ದೇನೂ ಇಲ್ಲ. ಸೋಡಿಯಂ ಮಿತಿಯೊಳಗೇ ಇದೆ. ಆದರೆ ಹಿರಿಯರಲ್ಲಿ ಆಸ್ಮೊಲಾರಿಟಿಯನ್ನು, ಅಂದರೆ ರಕ್ತ ಎಷ್ಟು ಗಟ್ಟಿಯಾಗಿದೆ ಎಂಬುದನ್ನು, ಲೆಕ್ಕ ಹಾಕಲೇಬೇಕು. ಸೂತ್ರ ಹೀಗೆ: ಸೋಡಿಯಂ ಮತ್ತು ಪೊಟ್ಯಾಸಿಯಂ ಕೂಡಿಸಿ 1.86ರಿಂದ ಗುಣಿಸಿ, ಸಕ್ಕರೆಯನ್ನು 18ರಿಂದ ಭಾಗಿಸಿ 1.15ರಿಂದ ಗುಣಿಸಿ, ಯೂರಿಯಾವನ್ನು 6ರಿಂದ ಭಾಗಿಸಿ, ಮೂರನ್ನೂ ಕೂಡಿಸಿ 14 ಸೇರಿಸಿ. (ವರದಿಯಲ್ಲಿ ಯೂರಿಯಾ ಬದಲು ಬಿಯುಎನ್ (ಯೂರಿಯಾದಲ್ಲಿನ ಸಾರಜನಕ ಮಾತ್ರ) ಇದ್ದರೆ 2.8ರಿಂದ ಭಾಗಿಸಬೇಕು. ಇಲ್ಲಿ ತಪ್ಪುವುದು ತೀರಾ ಸಾಮಾನ್ಯ.) ಇವರಿಗೆ ಬಂದದ್ದು 302. 295 ದಾಟಿದರೆ ಕುಡಿಯುವುದು ಸಾಲುತ್ತಿಲ್ಲ ಎಂದು ಶಂಕಿಸಬೇಕು.

ಚರ್ಮ ಎಳೆದು ನೋಡುವುದು, ಬಾಯಿ ಒಣಗಿದೆಯೇ, ಮೂತ್ರದ ಬಣ್ಣವೇನು ಎಂದು ನೋಡುವುದು ಹಿರಿಯರಲ್ಲಿ ನಂಬಲರ್ಹವಲ್ಲ. ಚರ್ಮದ ಬಿಗುವು ಹೇಗೂ ತಗ್ಗಿರುತ್ತದೆ, ಮೂತ್ರಪಿಂಡಕ್ಕೆ ಮೂತ್ರವನ್ನು ಗಟ್ಟಿ ಮಾಡುವ ಶಕ್ತಿ ಕುಂದಿರುತ್ತದೆ. ಬಾಯಾರಿಕೆಯೂ ಮಂಕಾಗಿರುತ್ತದೆ, ಬಾಯಾರಿದರೆ ಕುಡಿಯಿರಿ ಎಂಬ ಸಲಹೆ ಇವರಿಗೆ ಉಪಯೋಗವಿಲ್ಲ.

ಹೀಗೆ ಕಾಲಿನಲ್ಲಿ ನೀರು ನಿಂತಿದೆ, ರಕ್ತ ಗಟ್ಟಿಯಾಗಿದೆ. ಎರಡೂ ನಿಜ, ಎರಡಕ್ಕೂ ಬೇರು ಒಂದೇ. ಆಮ್ಲೊಡಿಪಿನ್ ಸಣ್ಣ ಅಪಧಮನಿಗಳನ್ನು ಹಿಗ್ಗಿಸುತ್ತದೆ, ಅಭಿಧಮನಿಗಳನ್ನು ಅಷ್ಟಾಗಿ ಹಿಗ್ಗಿಸುವುದಿಲ್ಲ. ಲೋಮನಾಳಗಳಲ್ಲಿ ಒತ್ತಡ ಏರಿ ದ್ರವ ಹೊರಕ್ಕೆ ಜಿನುಗುತ್ತದೆ. ಪ್ರಮಾಣ ಹೆಚ್ಚಿದಷ್ಟೂ ಊತ ಹೆಚ್ಚು. ಮೈಯಲ್ಲಿ ಉಪ್ಪು ನೀರು ಉಳಿದು ಬಂದ ಊತ ಇದಲ್ಲ, ಆದ್ದರಿಂದ ಮೂತ್ರದ ಮಾತ್ರೆ ಇದನ್ನು ಇಳಿಸುವುದಿಲ್ಲ. ಅದು ರಕ್ತದ ನೀರನ್ನು ಹೊರಹಾಕುತ್ತದೆ, ಪೊಟ್ಯಾಸಿಯಂ ತಗ್ಗಿಸುತ್ತದೆ, ಅವಸರ ತರುತ್ತದೆ, ಅವಸರಕ್ಕೆ ಹೆದರಿ ಕುಡಿಯುವುದು ನಿಲ್ಲುತ್ತದೆ. ಒಂದು ಔಷಧದ ಅಡ್ಡಪರಿಣಾಮಕ್ಕೆ ಇನ್ನೊಂದು ಔಷಧ ಕೊಟ್ಟ ಸರಪಳಿ ಇದು.

ಹಾಗೆಂದು ಊತ ಕಂಡೊಡನೆ ಆಮ್ಲೊಡಿಪಿನ್ ಮೇಲೆ ಹೊರಿಸಬಾರದು. ಮೊದಲು ಹೃದಯ, ಮೂತ್ರಪಿಂಡ, ಯಕೃತ್ತು, ಥೈರಾಯ್ಡ್ ನೋಡಬೇಕು. ಒಂದೇ ಕಾಲು ಊದಿದ್ದರೆ ರಕ್ತ ಹೆಪ್ಪುಗಟ್ಟಿದೆಯೇ ಎಂದು ಡಾಪ್ಲರ್ (ರಕ್ತನಾಳದ ಸ್ಕ್ಯಾನ್) ಮಾಡಿಸಬೇಕು. ಇವರ ಅಲ್ಬುಮಿನ್ 3.9, ಕ್ರಿಯೇಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ಅಂಕಿ) 0.9, ಮೂತ್ರದಲ್ಲಿ ಪ್ರೋಟೀನ್ ಇಲ್ಲ, ಥೈರಾಯ್ಡ್ ಸರಿಯಿದೆ. ಹೃದಯ ವೈಫಲ್ಯದ ರಕ್ತಪರೀಕ್ಷೆಯಾದ ಎನ್‌ಟಿ-ಪ್ರೊಬಿಎನ್‌ಪಿ ಸಹಜವಾಗಿತ್ತು. ಆದರೆ ಬೊಜ್ಜಿರುವವರಲ್ಲಿ ಈ ಅಂಕಿ ಸಹಜವಾಗಿಯೇ ಕೆಳಗಿರುವುದರಿಂದ ಅದೊಂದನ್ನೇ ನೆಚ್ಚದೆ ಎಕೋ (ಹೃದಯದ ಸ್ಕ್ಯಾನ್) ಕೂಡ ಮಾಡಿಸಲಾಯಿತು. ಹೃದಯ ಚೆನ್ನಾಗಿತ್ತು.

ಅಳತೆಯ ಕ್ರಮ

ಹಳೆಯ ವರದಿ ಸಂಜೆ, ಊಟವಾದ ಮೇಲೆ, ದಿನವಿಡೀ ಓಡಾಡಿದ ಕಾಲಿನಲ್ಲಿ ತೆಗೆದದ್ದು. ಆಧಾರವಾಗಿ ಬಳಸುವ ಅಳತೆಯನ್ನು ಹಾಗೆ ತೆಗೆಯಬಾರದು. ಅದನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಮೂತ್ರ ವಿಸರ್ಜಿಸಿ, 10 ನಿಮಿಷ ಅಂಗಾತ ಮಲಗಿದ ಬಳಿಕ ಮತ್ತೆ ತೆಗೆಯಲಾಯಿತು. ವಿಶೇಷವೆಂದರೆ ಅಂಕಿಗಳು ಹೆಚ್ಚು ಬದಲಾಗಲಿಲ್ಲ, ಅಂದರೆ ಊತ ರಾತ್ರಿಯ ವಿಶ್ರಾಂತಿಗೂ ಇಳಿಯುತ್ತಿರಲಿಲ್ಲ. ಕೈಗಳು ಮೈಗೆ, ತೊಡೆಗಳು ಒಂದಕ್ಕೊಂದು ತಾಗಬಾರದು. ತಾಗಿದರೆ ವಿದ್ಯುತ್ತು ಅಡ್ಡದಾರಿ ಹಿಡಿದು ತಡೆ ಕಡಿಮೆ ತೋರುತ್ತದೆ, ಸ್ನಾಯು ಹೆಚ್ಚಾಗಿ ಕಾಣುತ್ತದೆ. ಬೊಜ್ಜಿರುವವರಲ್ಲಿ ತೊಡೆಗಳ ನಡುವೆ ಒಣ ಟವೆಲ್ ಇಡುವುದು ಕಡ್ಡಾಯ. ಅಂಟಿಸುವ ಎಲೆಕ್ಟ್ರೋಡ್ ಆದರೆ ಒಂದೇ ಕೈಯ ಎರಡರ ನಡುವೆ ಕನಿಷ್ಠ 5 ಸೆಂ.ಮೀ. ಅಂತರ ಬೇಕು. ಭಾರದ ವ್ಯಾಯಾಮ ಮಾಡಿದ 48 ಗಂಟೆಯೊಳಗೆ ಅಳೆಯಬಾರದು. ದಣಿದ ಸ್ನಾಯುವಿನಲ್ಲಿ ಹೊರನೀರು ತಾತ್ಕಾಲಿಕವಾಗಿ ಏರಿರುತ್ತದೆ. ಪೇಸ್‌ಮೇಕರ್ ಇದ್ದವರಿಗೆ ಈ ಪರೀಕ್ಷೆ ಬೇಡ.

ಅಂಗವಾರು ನೋಡಿದಾಗ ಹೊರನೀರಿನ ಅನುಪಾತ ಕಾಲಿನಲ್ಲಿ 0.419, ತೋಳಿನಲ್ಲಿ 0.388. ಎಲ್ಲೆಡೆ ಸಮನಾಗಿ ಏರಿದ್ದರೆ ಉರಿಯೂತ, ಪೋಷಣೆಯ ಕೊರತೆ, ಸ್ನಾಯು ಸವೆತ ಇವುಗಳತ್ತ ಗಮನ ಹೋಗಬೇಕು. ಕಾಲಿನಲ್ಲೇ ಹೆಚ್ಚಿದ್ದದ್ದು ಇಳಿದು ನಿಂತ ನೀರಿನ ಗುರುತು.

ಮಾಡಿದ್ದು: ಮೊದಲ ನಾಲ್ಕು ವಾರ

ಈ ಅವಧಿಯಲ್ಲಿ ತೂಕ ಇಳಿಸುವ ಆಹಾರಕ್ರಮವನ್ನು ಬೇಕೆಂದೇ ಶುರು ಮಾಡಲಿಲ್ಲ. ನೀರು ಇಳಿಯುವುದು, ಕೊಬ್ಬು ಇಳಿಯುವುದು ಎರಡೂ ಒಟ್ಟಿಗೆ ನಡೆದರೆ ಯಾವುದು ಎಷ್ಟೆಂದು ಬೇರ್ಪಡಿಸಲಾಗದು.

ವೈದ್ಯರ ನಿಗಾದಲ್ಲಿ ಆಮ್ಲೊಡಿಪಿನ್ 10ರಿಂದ 5ಕ್ಕೆ, ಎರಡು ವಾರದ ಬಳಿಕ ಸೊನ್ನೆಗೆ. ಅದರ ಬದಲಿಗೆ ರಕ್ತದೊತ್ತಡಕ್ಕೆ ಮೊದಲ ದಿನದಿಂದಲೇ ಟೆಲ್ಮಿಸಾರ್ಟಾನ್ 40 ಮಿ.ಗ್ರಾಂ. ಫ್ಯೂರೋಸೆಮೈಡ್ ಒಂದು ವಾರ 20 ಮಿ.ಗ್ರಾಂ, ಆಮೇಲೆ ನಿಲುಗಡೆ. ಹೃದಯ, ಮೂತ್ರಪಿಂಡ ಸರಿಯಿವೆ ಎಂದು ಖಚಿತವಾಗಿದ್ದರಿಂದಲೇ ಇದು ಸಾಧ್ಯವಾಯಿತು. ಹೃದಯ ವೈಫಲ್ಯ ಇರುವವರು ಮೂತ್ರದ ಮಾತ್ರೆಯನ್ನು ತಾವಾಗಿ ಬಿಟ್ಟರೆ ಪ್ರಾಣಕ್ಕೇ ಕುತ್ತು. ನಿತ್ಯ ಬೆಳಿಗ್ಗೆ ತೂಕ, ರಕ್ತದೊತ್ತಡ ಬರೆಯಬೇಕು. ಎರಡು ದಿನದಲ್ಲಿ ತೂಕ 1.5 ಕೆ.ಜಿ. ಏರಿದರೆ ಅಥವಾ ಮಲಗಿದಾಗ ಉಸಿರು ಕಟ್ಟಿದರೆ ಕೂಡಲೇ ಬರಬೇಕೆಂದು ತಿಳಿಸಲಾಗಿತ್ತು. ಟೆಲ್ಮಿಸಾರ್ಟಾನ್ ಶುರುವಾದ ಎರಡನೇ ವಾರದಲ್ಲಿ ಪೊಟ್ಯಾಸಿಯಂ, ಕ್ರಿಯೇಟಿನಿನ್ ಮತ್ತೆ ನೋಡಿದರು, ಎರಡೂ ಸರಿಯಿದ್ದವು.

ಕುಡಿಯುವ ಗುರಿ 1.6 ಲೀಟರ್. ಹಿರಿಯ ಮಹಿಳೆಯರಿಗೆ ಯೂರೋಪಿನ ಪೋಷಣಾ ಸಂಘ ಹೇಳುವ ಕನಿಷ್ಠ ಪ್ರಮಾಣ ಅದು, ಪುರುಷರಿಗೆ 2 ಲೀಟರ್. 200 ಮಿ.ಲೀ.ನ ಎಂಟು ಲೋಟ. ಆರು ಸಂಜೆ ಐದರೊಳಗೆ, ಉಳಿದೆರಡು ಮಲಗುವ ಎರಡು ಗಂಟೆ ಮೊದಲೇ ಮುಗಿಯಬೇಕು. ಲೋಟಗಳನ್ನು ಊಟ, ಮಾತ್ರೆ, ವ್ಯಾಯಾಮದಂಥ ಆಗಲೇ ರೂಢಿಯಲ್ಲಿರುವ ಹೊತ್ತುಗಳಿಗೆ ಗಂಟು ಹಾಕಲಾಯಿತು, ಬಾಯಾರಿಕೆಗಲ್ಲ. ಮೂತ್ರದ ಮಾತ್ರೆ ನಿಂತ ಮೇಲೆ ಅವಸರ ತಗ್ಗಿತು. ಆ ಭಯ ಹೋಗದೆ ಎಷ್ಟು ಬೋಧಿಸಿದರೂ ಅವರು ಕುಡಿಯುತ್ತಿರಲಿಲ್ಲ.

ಪ್ರೋಟೀನ್ ಲೆಕ್ಕ ತಪ್ಪುವುದು ತೂಕದ ಆಯ್ಕೆಯಲ್ಲಿ. 86.4 ಕೆ.ಜಿ.ಯನ್ನೇ ಹಿಡಿದರೆ ಅತಿಯಾಗುತ್ತದೆ. ಬಿಎಂಐ 25ಕ್ಕೆ ಇವರ ತೂಕ 60.8 ಕೆ.ಜಿ.; ಹೆಚ್ಚುವರಿ 25.6ರ ಕಾಲು ಭಾಗ ಸೇರಿಸಿದರೆ 67.2. ಕೆ.ಜಿ.ಗೆ 1.2 ಗ್ರಾಂನಂತೆ ದಿನಕ್ಕೆ 80 ಗ್ರಾಂ. ಇದನ್ನು ಮೂರು ಹೊತ್ತಿಗೆ 25ರಿಂದ 30 ಗ್ರಾಂನಂತೆ ಹಂಚಬೇಕು, ರಾತ್ರಿ ಒಂದೇ ಹೊತ್ತಿಗೆ ತುಂಬಿದರೆ ಹಿರಿಯರ ಸ್ನಾಯು ಅದನ್ನು ಪೂರ್ತಿ ಬಳಸಿಕೊಳ್ಳುವುದಿಲ್ಲ. ಬೆಳಗಿನ ಆಹಾರದಲ್ಲೇ ಕೊರತೆ ಹೆಚ್ಚು, ತಿದ್ದುಪಡಿ ಅಲ್ಲಿಂದ ಶುರುವಾಯಿತು.

ವ್ಯಾಯಾಮ ಈ ಹಂತದಲ್ಲಿ ವಾರಕ್ಕೆ ಎರಡು ದಿನ, ಹಗುರಾಗಿ, ಚಲನೆ ಕಲಿಯುವಷ್ಟಕ್ಕೆ.

ನಾಲ್ಕನೇ ವಾರದ ಗಾಬರಿ

ಊತ ಇಳಿಯಿತು, ಆಸ್ಮೊಲಾರಿಟಿ 292ಕ್ಕೆ ಬಂತು. ಆದರೆ ಹೊಸ ಬಿಐಎ ವರದಿ ಕಂಡು ಮನೆಯವರು ಬೆಚ್ಚಿದರು: ಕೈಕಾಲುಗಳ ಸ್ನಾಯು 17.6ರಿಂದ 16.4ಕ್ಕೆ ಇಳಿದಿತ್ತು, ಕೊಬ್ಬು 0.2 ಕೆ.ಜಿ. ಏರಿತ್ತು.

| ಅಳತೆ | ಆರಂಭ | 4ನೇ ವಾರ | 16ನೇ ವಾರ |
|---|---|---|---|
| ತೂಕ, ಕೆ.ಜಿ. | 86.4 | 85.1 | 80.9 |
| ಒಳನೀರು, ಲೀ. | 20.0 | 20.3 | 20.3 |
| ಹೊರನೀರು, ಲೀ. | 14.0 | 12.6 | 12.2 |
| ಒಟ್ಟು ನೀರಿನಲ್ಲಿ ಹೊರನೀರು | 0.412 | 0.383 | 0.375 |
| ಕೊಬ್ಬು, ಕೆ.ಜಿ. | 39.8 | 40.0 | 36.4 |
| ಕೈಕಾಲು ಸ್ನಾಯು, ಕೆ.ಜಿ. | 17.6 | 16.4 | 16.5 |
| ಅದು ತೂಕದ ಶೇಕಡಾ | 20.4 | 19.3 | 20.4 |
| ಫೇಸ್ ಆ್ಯಂಗಲ್ (ವಿವರ ಕೊನೆಯಲ್ಲಿ), ಡಿಗ್ರಿ | 4.3 | 4.4 | 4.7 |
| ಹಿಡಿತ, ಕೆ.ಜಿ. | 15.5 | 16.0 | 17.8 |
| ಐದು ಬಾರಿ ಏಳುವುದು, ಸೆ. | 18.6 | 17.9 | 13.9 |
| ನಡಿಗೆ, ಸೆಕೆಂಡಿಗೆ ಮೀ. | 0.74 | 0.76 | 0.91 |

ಹೊರನೀರು 1.4 ಲೀ. ಇಳಿದು, ಒಳನೀರು 0.3 ಲೀ. ಏರಿದೆ, ನಿವ್ವಳ ಇಳಿಕೆ 1.1 ಲೀ. ಯಂತ್ರ ಅದನ್ನು 0.73ರಿಂದ ಭಾಗಿಸಿ 1.5 ಕೆ.ಜಿ. ಕೊಬ್ಬಿಲ್ಲದ ಭಾಗ ಹೋಯಿತು ಎಂದಿತು. ತೂಕ ಇಳಿದದ್ದು 1.3 ಮಾತ್ರ, ಲೆಕ್ಕ ಸರಿದೂಗಿಸಲು ಉಳಿದ 0.2ನ್ನು ಕೊಬ್ಬಿಗೆ ಸೇರಿಸಿತು. ಸ್ನಾಯುವೂ ಕರಗಿಲ್ಲ, ಕೊಬ್ಬೂ ಬೆಳೆದಿಲ್ಲ. ಹಿಡಿತ, ನಡಿಗೆ ಕುಂದದಿರುವುದೇ ಸಾಕ್ಷಿ. ಇಲ್ಲಿ ಹೆದರಿ ಹಳೆಯ ಔಷಧಕ್ಕೆ ಮರಳಿದ್ದರೆ 'ಸ್ನಾಯು' ಮತ್ತೆ ಬರುತ್ತಿತ್ತು, ಊತವಾಗಿ.

ನಿಜವಾದ ರೋಗನಿರ್ಣಯ ಸಿಕ್ಕಿದ್ದು ಈಗ. ಬೊಜ್ಜಿನ ಜೊತೆಗಿನ ಸಾರ್ಕೊಪೀನಿಯಾಕ್ಕೆ ಯೂರೋಪಿನ ಎರಡು ಸಂಘಗಳು 2022ರಲ್ಲಿ ಕೊಟ್ಟ ಒಮ್ಮತದ ಸೂತ್ರ ಸ್ನಾಯುವನ್ನು ಎತ್ತರಕ್ಕಲ್ಲ, ತೂಕಕ್ಕೆ ಹೋಲಿಸುತ್ತದೆ. ಎತ್ತರಕ್ಕೆ ಹೋಲಿಸಿದರೆ ಭಾರದ ಮೈಯವರಲ್ಲಿ ಕೊರತೆ ಬಹುತೇಕ ಕಾಣಿಸುವುದೇ ಇಲ್ಲ. ಮಹಿಳೆಯರಿಗೆ ಬಳಸುವ ಒಂದು ಮಿತಿ ಶೇ 19.4 (ಅದು ಡೆಕ್ಸಾ ಎಂಬ ಎಕ್ಸ್‌ರೇ ಸ್ಕ್ಯಾನಿನಿಂದ ಬಂದದ್ದು, ಬಿಐಎಗೆ ಅಂದಾಜಾಗಿ ಮಾತ್ರ ಹೊಂದುತ್ತದೆ). ಆರಂಭದ 20.4 ಅದನ್ನು ದಾಟಿ ಪಾರಾಗಿತ್ತು. ನೀರು ಇಳಿದ ಮೇಲೆ 19.3. ಊತ ಕೊರತೆಯನ್ನು ಮುಚ್ಚಿಟ್ಟಿತ್ತು.

ಮುಂದಿನ ಹನ್ನೆರಡು ವಾರ

ಈಗ ಆಹಾರದಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿತ, ಪ್ರೋಟೀನ್ 80 ಗ್ರಾಂಗೆ ಕೈ ಹಚ್ಚದೆ. ತೂಕ ವಾರಕ್ಕೆ ಅರ್ಧ ಕೆ.ಜಿ.ಗಿಂತ ವೇಗವಾಗಿ ಇಳಿಯಬಾರದು. ಬೊಜ್ಜಿರುವ ಹಿರಿಯರ ಮೇಲೆ 2017ರಲ್ಲಿ ಪ್ರಕಟವಾದ ಆರು ತಿಂಗಳ ಅಧ್ಯಯನದಲ್ಲಿ ತೂಕ ಇಳಿಸುತ್ತಾ ಬರೀ ನಡಿಗೆಯಂಥ ವ್ಯಾಯಾಮ ಮಾಡಿದವರು ಕೊಬ್ಬಿಲ್ಲದ ಭಾಗದಲ್ಲಿ ಶೇ 5 ಕಳೆದುಕೊಂಡರು, ಭಾರದ ವ್ಯಾಯಾಮದವರು ಶೇ 2, ಎರಡನ್ನೂ ಮಾಡಿದವರು ಶೇ 3. ದೈಹಿಕ ಸಾಮರ್ಥ್ಯ ಹೆಚ್ಚು ಸುಧಾರಿಸಿದ್ದು ಎರಡನ್ನೂ ಮಾಡಿದವರಲ್ಲಿ. ಇಲ್ಲಿಯೂ ಅದೇ ದಾರಿ.

ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಡುವು. ಕುರ್ಚಿಯಿಂದ ಏಳುವುದು, ಮೆಟ್ಟಿಲೇರುವುದು, ಹಿಮ್ಮಡಿ ಎತ್ತುವುದು, ಕಾಲಿನಿಂದ ಭಾರ ತಳ್ಳುವುದು, ರಬ್ಬರ್ ಪಟ್ಟಿ ಎದೆಯತ್ತ ಎಳೆಯುವುದು, ಮುಂದಕ್ಕೆ ತಳ್ಳುವುದು. ಪ್ರತಿಯೊಂದೂ 8ರಿಂದ 12 ಬಾರಿ, ಎರಡು ಸೆಟ್, ಆರನೇ ವಾರದಿಂದ ಮೂರು. ನಡುವೆ ಒಂದೂವರೆ ನಿಮಿಷ. ಕೊನೆಯ ಎರಡು ಬಾರಿ ಕಷ್ಟವೆನಿಸಬೇಕು, ಹತ್ತರಲ್ಲಿ ಆರೇಳರಷ್ಟು. ಸತತ ಎರಡು ದಿನ 12 ಸಲೀಸಾದರೆ ಭಾರ ಶೇ 5 ಹೆಚ್ಚು. ಏಳುವುದು ಚುರುಕಾಗಿ, ಕೂರುವುದು ಮೂರು ಸೆಕೆಂಡಿನಲ್ಲಿ ನಿಧಾನವಾಗಿ, ಏಕೆಂದರೆ ಮೊದಲು ಸೊರಗುವ ಎರಡನೇ ಬಗೆಯ ಎಳೆಗಳಿಗೆ ವೇಗದ ಕೆಲಸ ಬೇಕು. ಮಂಡಿ ನೋವಿದ್ದುದರಿಂದ ಕುರ್ಚಿಯ ಎತ್ತರ 50 ಸೆಂ.ಮೀ.ಯಿಂದ ಶುರುವಾಗಿ 44ಕ್ಕೆ ಇಳಿಯಿತು. ಉಳಿದ ದಿನ 30 ನಿಮಿಷ ನಡಿಗೆ. ಹೆಚ್ಚಿನವರು ಸೋಲುವುದು ಭಾರ ಏರಿಸದೆ ತಿಂಗಳುಗಟ್ಟಲೆ ಅದೇ ಹಗುರ ಪಟ್ಟಿ ಎಳೆಯುವುದರಲ್ಲಿ. ಸ್ನಾಯು ಬದಲಾಗಲು ಕಾರಣವೇ ಸಿಗುವುದಿಲ್ಲ.

ಸ್ನಾಯುಬಲಕ್ಕೆಂದು ಬಳಸುವ ಕ್ರಿಯೇಟಿನ್ ಪೂರಕವನ್ನು ಕೊಡಲಿಲ್ಲ. ಅದು ಕೋಶದೊಳಕ್ಕೆ ನೀರು ಸೆಳೆಯುವುದು ನಿಜ, ಭಾರದ ವ್ಯಾಯಾಮದ ಜೊತೆ ಹಿರಿಯರಿಗೆ ನೆರವಾಗುವುದೂ ಉಂಟು. ಆದರೆ ಅದು ರಕ್ತದ ಕ್ರಿಯೇಟಿನಿನ್ ಅನ್ನೂ ಏರಿಸುತ್ತದೆ. ಹೊಸದಾಗಿ ಟೆಲ್ಮಿಸಾರ್ಟಾನ್ ಹಿಡಿದವರಲ್ಲಿ ಆ ಅಂಕಿ ಕಲಸಿಹೋದರೆ ಮೂತ್ರಪಿಂಡದ ಮೇಲಿನ ನಿಗಾ ತಪ್ಪುತ್ತದೆ.

ಹದಿನಾರನೇ ವಾರದ ಓದು

ನಾಲ್ಕನೇ ವಾರದಿಂದ ಈಚೆಗೆ ತೂಕ 4.2 ಕೆ.ಜಿ. ಇಳಿಯಿತು, ಅದರಲ್ಲಿ 3.6 ಕೊಬ್ಬು. ಸ್ನಾಯುವಿನ ಶೇಕಡಾವಾರು 20.4, ಆರಂಭದಲ್ಲಿದ್ದ ಅದೇ ಅಂಕಿ. ಆಗ ಅದರಲ್ಲಿ ಊತವಿತ್ತು, ಈಗ ಇಲ್ಲ. ಬರೀ ಈ ಸಾಲು ನೋಡಿದವರು ನಾಲ್ಕು ತಿಂಗಳು ವ್ಯರ್ಥ ಎನ್ನುತ್ತಾರೆ. ಕುರ್ಚಿಯಿಂದ ಏಳುವ ಸಮಯ 18.6ರಿಂದ 13.9ಕ್ಕೆ ಬಂದದ್ದು ಅವರಿಗೆ ಉತ್ತರ.

ಗುಣಮಟ್ಟದ ಅಳತೆಯಾಗಿ ಹಿಡಿತದ ಬಲವನ್ನು ಕೈಕಾಲು ಸ್ನಾಯುವಿನಿಂದ ಭಾಗಿಸಿದರೆ 0.88, 0.98, 1.08. ಏರಿಕೆ ಚಂದವಾಗಿದೆ, ಆದರೆ ಪೂರ್ತಿ ನಂಬುವಂತಿಲ್ಲ. ಆರಂಭದ 15.5ನ್ನು ಊತವಿಲ್ಲದ 16.4ರಿಂದ ಭಾಗಿಸಿದರೆ 0.95 ಬರುತ್ತದೆ. ಅಂದರೆ 0.88ರಿಂದ 0.95ರವರೆಗಿನ ಏರಿಕೆ ಛೇದದಿಂದ ನೀರು ಹೋದದ್ದರ ಫಲ; ಸ್ನಾಯು ಗಳಿಸಿದ್ದು 0.95ರಿಂದ 1.08ರವರೆಗಿನದು. ಫೇಸ್ ಆ್ಯಂಗಲ್‌ಗೂ ಇದೇ ಎಚ್ಚರ ಬೇಕು. ಅದು ಕೋಶಪೊರೆಯ ಪ್ರತಿರೋಧಕ್ಕೂ ನೀರಿನ ತಡೆಗೂ ಇರುವ ಅನುಪಾತದ ಕೋನ. ಹೊರನೀರು ಇಳಿದರೆ ಸ್ನಾಯು ಬದಲಾಗದಿದ್ದರೂ ಏರಬಹುದು. 4.3ರಿಂದ 4.4ಕ್ಕೆ ಹೋದದ್ದನ್ನು ಸುಧಾರಣೆ ಎಂದು ಬರೆಯಬಾರದು. ಆಮೇಲೆ ಹೊರನೀರು ಹೆಚ್ಚು ಬದಲಾಗದೆ 4.7ಕ್ಕೆ ಏರಿದ್ದು, ಬಲವೂ ಜೊತೆಗೇ ಏರಿದ್ದರಿಂದ, ಕೋಶಗಳ ಮಟ್ಟದ ಬದಲಾವಣೆಗೆ ಹೊಂದುತ್ತದೆ.

ಒಳನೀರು 20.3 ಲೀಟರಿನಲ್ಲೇ ನಿಂತಿದೆ. ತೂಕ ಇಳಿಯುವಾಗ ಅದು ಕುಸಿಯದೆ ಉಳಿದದ್ದೇ ಇಲ್ಲಿನ ಗಳಿಕೆ.

ಹಿಡಿತ 17.8, ಯೂರೋಪಿನ ಮಿತಿಯ ಮೇಲೆ, ಏಷ್ಯಾದ ಮಿತಿಗೆ ಕೂದಲೆಳೆಯಷ್ಟು ಕೆಳಗೆ. ನಡಿಗೆಯೂ ಏಷ್ಯಾದ ಮಿತಿಯಾದ 1.0 ಮುಟ್ಟಿಲ್ಲ. ಆದ್ದರಿಂದ ಮುಂದಿನ ಮೂರು ತಿಂಗಳು ಕ್ಯಾಲೊರಿ ಕಡಿತ ನಿಲ್ಲಿಸಿ ತೂಕವನ್ನು 80 ಕೆ.ಜಿ. ಆಸುಪಾಸಿನಲ್ಲಿ ಹಿಡಿದು, ವ್ಯಾಯಾಮದ ಭಾರ ಮಾತ್ರ ಏರಿಸುವುದು ಎಂದು ನಿಶ್ಚಯಿಸಲಾಗಿದೆ. ಆಸ್ಮೊಲಾರಿಟಿಯನ್ನು ಬೇಸಿಗೆಯಲ್ಲಿ ಒಮ್ಮೆ, ವಾಂತಿಭೇದಿ ಅಥವಾ ಜ್ವರ ಬಂದಾಗ ತಪ್ಪದೆ ನೋಡಬೇಕು. ಅಂಥ ದಿನಗಳಲ್ಲಿ ಟೆಲ್ಮಿಸಾರ್ಟಾನ್ ಮತ್ತು ಮೆಟ್‌ಫಾರ್ಮಿನ್ ಮುಂದುವರಿಸಬೇಕೇ ಎಂದು ಮೊದಲು ವೈದ್ಯರನ್ನು ಕೇಳಬೇಕು ಎಂಬ ಸೂಚನೆಯನ್ನು ಔಷಧದ ಚೀಟಿಯಲ್ಲೇ ಬರೆದು ಕೊಡಲಾಗಿದೆ.